ಬಾಡದ ತೋರಣ

ನಮ್ಮೂರ ಮನೆಯ ಬಾಗಿಲವಾಡದಲ್ಲಿ ಆಚೆಗೊಂದು ಈಚೆಗೊಂದು ಮೊಳೆಗಳಿವೆ. ಯಾವ ಕಾಲದಲ್ಲಿ ಯಾರು ಹೊಡೆದದ್ದೋ. ಎರಡರ ಕುತ್ತಿಗೆಗೂ ಹಳೆಯ ಹುರಿಗಳು ಒಂದರ ಮೇಲೊಂದು ಸುತ್ತಿಕೊಂಡು ಗುಬ್ಬಚ್ಚಿ ಗೂಡಿನಂತೆ ಉಬ್ಬಿವೆ. ಹಬ್ಬಕ್ಕೊಂದು ಹುರಿ. ಹೊಸ ತೋರಣ ಕಟ್ಟುವಾಗ ಹಳೆಯದನ್ನು ಎಳೆದರೆ ಎಲೆ ಗರಗರ ಎಂದು ಪುಡಿಯಾಗಿ ಬೀಳುತ್ತಿತ್ತು, ಗಂಟು ಮಾತ್ರ ಅಲ್ಲೇ ಉಳಿಯುತ್ತಿತ್ತು. ಅಮ್ಮ ಎಲೆಯ ಬುಡವನ್ನು ಹುರಿಯ ಮೇಲಿಂದ ಹಿಂದಕ್ಕೆ ಮಡಿಚಿ, ಅದರದೇ ತೊಟ್ಟಿನಿಂದ ಅದಕ್ಕೇ ಚುಚ್ಚಿ ಕೂರಿಸುತ್ತಿದ್ದಳು. ಸೂಜಿ ಇಲ್ಲ, ಕತ್ತರಿ ಇಲ್ಲ. ಒಲೆಯ ಮೇಲೆ ಒಬ್ಬಟ್ಟಿನ ಬೇಳೆ ಇಟ್ಟು ಬಂದು ಕೂತರೆ, ಬೇಳೆ ಉಕ್ಕುವುದರೊಳಗೆ ಇಪ್ಪತ್ತೊಂದು ಎಲೆ ಮುಗಿದಿರುತ್ತಿತ್ತು.

ಅದೇ ಕೆಲಸಕ್ಕೆ ನಾನು ಮೂರು ವಾರ ತೆಗೆದುಕೊಂಡೆ. ಹಾಗಂತ ಕೆಲಸ ಆಯಿತೇ ಎಂದರೆ, ಅದನ್ನು ಹೇಳುವುದಕ್ಕೇ ಈ ಬರಹ.

ನಾನು ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತನಾದವನು. ನಿವೃತ್ತಿಯಾದ ಗಂಡಸು ಮನೆಯಲ್ಲಿ ಮೊದಲು ಮಾಡುವ ಕೆಲಸ, ಹೆಂಡತಿ ಅಷ್ಟು ವರ್ಷ ಸರಾಗವಾಗಿ ನಡೆಸಿಕೊಂಡು ಬಂದದ್ದರಲ್ಲಿ ತಪ್ಪು ಹುಡುಕುವುದು. ಫ್ರಿಜ್ಜಿನ ಒಳಗೆ ಡಬ್ಬಗಳ ಸ್ಥಾನ ಬದಲಿಸಿದೆ. ಹಾಲಿನವನ ಲೆಕ್ಕಕ್ಕೆ ಒಂದು ಪುಸ್ತಕ ಹಾಕಿದೆ. ಆಮೇಲೆ ನನ್ನ ಕಣ್ಣು ಬಿದ್ದದ್ದು ಬಾಗಿಲ ಮೇಲೆ. ಗಾಂಧಿ ಬಜಾರಿನಲ್ಲಿ ಹಬ್ಬದ ಹಿಂದಿನ ದಿನ ಒಂದು ಕಟ್ಟು ಮಾವಿನ ಸೊಪ್ಪಿಗೆ 40 ರೂಪಾಯಿ. ವರ್ಷಕ್ಕೆ ಏಳು ಹಬ್ಬ ಹಿಡಿದರೂ 280. ಮೂರನೆಯ ದಿನಕ್ಕೆ ಮುದುಡುತ್ತದೆ, ವಾರಕ್ಕೆ ಒಣಗುತ್ತದೆ. ಮೂರು ದಿನ ಬಾಳುವ ವಸ್ತುವಿಗೆ ವರ್ಷ ವರ್ಷವೂ ಖರ್ಚು ಬರೆಯುವುದು ಲೆಕ್ಕದವನ ಕಣ್ಣಿಗೆ ಚುಚ್ಚಿತು.

ಇದಕ್ಕೆ ಉಪಾಯ ಹೊಳೆದದ್ದು ಅಮೆರಿಕದಲ್ಲಿ. 2024ರ ಡಿಸೆಂಬರಿನಲ್ಲಿ ನಾವಿಬ್ಬರೂ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆವು. ಕ್ರಿಸ್ಮಸ್ ಹೊತ್ತು. ಆ ಬೀದಿಯ ಮನೆಮನೆಯ ಬಾಗಿಲಿಗೂ ದುಂಡನೆಯ ಹಸಿರು ಹಾರ: ಫರ್ ಮರದ ಸೊಪ್ಪು, ನಡುವೆ ಪೈನ್ ಕಾಯಿ, ಕೆಳಗೆ ಕೆಂಪು ರಿಬ್ಬನ್ನಿನ ಗಂಟು. ಮಗಳ ಬಾಗಿಲಿಗಿದ್ದದ್ದು ಬೂದು ಬಣ್ಣಕ್ಕೆ ತಿರುಗಿದ ಹಸಿರಿನ ನೀಲಗಿರಿ ಎಲೆಯ ಹಾರ. ಮುಟ್ಟಿದರೆ ಮೆತ್ತಗೆ, ಈಗ ತಾನೇ ಕಿತ್ತ ಹಾಗೆ. "ಮೂರು ವರ್ಷ ಆಯ್ತಪ್ಪಾ ತಂದು, ಗ್ಲಿಸರಿನ್‌ನಲ್ಲಿ ನೆನೆಸಿರ್ತಾರೆ. ಬಾಡೋದೇ ಇಲ್ಲ," ಅಂದಳು. ದೀಪಾವಳಿಗೂ ಅದೇ, ಯುಗಾದಿಗೂ ಅದೇ ಅಂತೆ. ಅವಳ ಊರಿನ ಇಂಡಿಯನ್ ಅಂಗಡಿಯಲ್ಲಿ ಮಾವಿನೆಲೆ ಸಿಗುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ಎಲೆ. ಅದರ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನೀಲಗಿರಿಗೆ ಆಗುವುದು ಮಾವಿಗೆ ಏಕಾಗಬಾರದು?

ವಾಪಸು ಬಂದ ಮೇಲೆ ನನ್ನವಳಿಗೆ ಹೇಳಿದೆ. "ತೋರಣ ಅಂದ್ರೆ ಹಸೀದು ಕಟ್ಟಬೇಕು ರೀ," ಅಂದಳು. ನಾನು ವಾದಕ್ಕಿಳಿದೆ. ಕಛ್, ಸೌರಾಷ್ಟ್ರದ ಹೆಂಗಸರು ಬಟ್ಟೆಯ ಮೇಲೆ ಕಸೂತಿ ಹಾಕಿ ಕನ್ನಡಿ ಕೂರಿಸಿ ತೋರಣ ಮಾಡುತ್ತಾರೆ, ಕೆಳಗೆ ಸಾಲಾಗಿ ಇಳಿಬಿದ್ದ ತುಂಡುಗಳು ಮಾವಿನೆಲೆಯ ಆಕಾರದವೇ, ವರ್ಷಗಟ್ಟಲೆ ಇರುತ್ತವೆ. ಸಾಂಚಿಯಲ್ಲಂತೂ ತೋರಣವನ್ನು ಕಲ್ಲಿನಲ್ಲೇ ನಿಲ್ಲಿಸಿದ್ದಾರೆ, ಎರಡು ಸಾವಿರ ವರ್ಷವಾಯಿತು. ಅವಳು ಬೀನ್ಸಿನ ನಾರು ತೆಗೆಯುತ್ತಾ, "ಹಾಗಾದ್ರೆ ಕಲ್ಲಲ್ಲೇ ಮಾಡಿ," ಅಂದಳು.

ಮಾರ್ಚ್ ಮೊದಲ ವಾರ ಕೆಲಸ ಶುರು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಮಾವಿನ ಮರವಿದೆ. ವಾಚ್‌ಮನ್ ಏಣಿ ಹಿಡಿದ, ನಾನು ಹತ್ತಿದೆ. ಆ ಮರದಲ್ಲಿ ಕೆಂಜಿಗದ ಗೂಡುಗಳಿದ್ದದ್ದು ಇಬ್ಬರಿಗೂ ತಿಳಿಯದು. ಈ ಇರುವೆಗಳು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಕಚ್ಚಿ ಹಿಡಿದು, ಅವುಗಳಿಂದ ಒಸರುವ ರೇಷ್ಮೆ ಎಳೆಯಲ್ಲಿ ಎಲೆಗೆ ಎಲೆ ಹೊಲಿದು ಗೂಡು ಕಟ್ಟುತ್ತವೆ. ಇಡೀ ಕಟ್ಟಡದಲ್ಲಿ ಆ ತಿಂಗಳು ಮಾವಿನೆಲೆಯನ್ನು ನೆಟ್ಟಗೆ ಜೋಡಿಸಿದವರು ಅವುಗಳನ್ನು ಬಿಟ್ಟರೆ ಇನ್ನಾರೂ ಇಲ್ಲ. ಕತ್ತಿನಿಂದ ಸೊಂಟದವರೆಗೆ ಕಚ್ಚಿಸಿಕೊಂಡು, ಮುಂಗೈಗೆ ಸೊನೆ ಬಳಿದುಕೊಂಡು ಇಳಿದೆ. ಸೊನೆ ತಾಗಿದಲ್ಲಿ ಮಾರನೆಯ ದಿನ ಗುಳ್ಳೆ. ಎಲೆ ಮಾತ್ರ ಐವತ್ತು ಸಿಕ್ಕಿತು, ಒಳ್ಳೆ ಬಲಿತ ಎಲೆ.

ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು. ಎಲೆಯೊಳಗಿನ ನೀರು ಹೋಗಿ ಆ ಜಾಗಕ್ಕೆ ಗ್ಲಿಸರಿನ್ ಬಂದು ಕೂರುತ್ತದೆ. ಗ್ಲಿಸರಿನ್ ಆರುವುದಿಲ್ಲವಾದ್ದರಿಂದ ಎಲೆ ಒಣಗುವುದಿಲ್ಲ. ತತ್ವ ಇಷ್ಟೇ. ಮೆಡಿಕಲ್ ಶಾಪಿನ ಹುಡುಗ ಇಷ್ಟೊಂದು ಬಾಟಲಿ ಯಾಕೆಂದು ಕೇಳಿದ. "ಪ್ರಯೋಗ," ಅಂದೆ. ಅಡುಗೆಮನೆಯ ದೊಡ್ಡ ಸ್ಟೀಲ್ ತಟ್ಟೆಯಲ್ಲಿ, ಅದು ಸಂಡಿಗೆ ಒಣಗಿಸುವ ತಟ್ಟೆ, ಎಲೆಗಳನ್ನು ಮಲಗಿಸಿ, ಮೇಲೆ ಇನ್ನೊಂದು ತಟ್ಟೆ ಇಟ್ಟು, ಅದರ ಮೇಲೆ ರುಬ್ಬುಗುಂಡು ಹೇರಿದೆ. ಪುಸ್ತಕದಲ್ಲಿ ದಿನಾಂಕ ಬರೆದೆ.

ಹತ್ತನೆಯ ದಿನ ತೆಗೆದು ನೋಡಿದರೆ ಎಲೆ ಮೆತ್ತಗಾಗಿತ್ತು ನಿಜ, ಹಸಿರು ಮಾತ್ರ ಹೊರಟು ನಿಂತಿತ್ತು. ಹದಿನೈದನೆಯ ದಿನಕ್ಕೆ ಹುಣಿಸೆಹಣ್ಣಿನ ಬಣ್ಣ. ಮಗಳಿಗೆ ಫೋನ್ ಮಾಡಿದರೆ, "ಹೂಂ ಅಪ್ಪಾ, ಬಣ್ಣ ಹೋಗುತ್ತೆ. ಅಂಗಡಿಯವರು ಡೈ ಹಾಕಿರ್ತಾರೆ," ಅಂದಳು. ಇದನ್ನು ಮೊದಲೇ ಹೇಳಬಾರದಾಗಿತ್ತೇ? ಕೇಸರಿಬಾತಿಗೆ ಹಾಕುವಂಥದ್ದೇ ಹಸಿರು ಪುಡಿ ತಂದು ನೀರಿಗೆ ಬೆರೆಸಿದೆ. ಬಣ್ಣ ಎಲೆಯನ್ನು ಬಿಟ್ಟು ಉಳಿದೆಲ್ಲಕ್ಕೂ ಹಿಡಿಯಿತು: ತಟ್ಟೆಗೆ, ಸಿಂಕಿಗೆ, ನನ್ನ ಹತ್ತು ಉಗುರಿಗೆ. ಇಷ್ಟು ಹೊತ್ತಿಗೆ ಬಿಟ್ಟುಬಿಡಬಹುದಿತ್ತು. ಆದರೆ ಆಗಲೇ ಖರ್ಚಾಗಿತ್ತಲ್ಲ. ಇನ್ನೂ ಒಂದು ವಾರ ನೆನೆಸಿದರೆ ಸರಿಹೋದೀತು ಎಂದು ನೆನೆಸಿದೆ.

ಜೋಡಿಸುವುದಕ್ಕೆ ಗ್ಲೂ ಗನ್ ತರಿಸಿದೆ. ಜಿಡ್ಡು ಕುಡಿದ ಎಲೆಗೆ ಯಾವ ಗೋಂದು ಹತ್ತುತ್ತದೆ? ಬಿಸಿ ಅಂಟು ಬೆರಳಿಗೆ ಹತ್ತಿತು. ಕೊನೆಗೆ ನನಗೆ ಮೂವತ್ತನಾಲ್ಕು ವರ್ಷ ಅನ್ನ ಹಾಕಿದ ಉಪಕರಣಕ್ಕೇ ಶರಣಾದೆ. ಸ್ಟೇಪ್ಲರ್. ಚಿನ್ನದ ಬಣ್ಣದ ರಿಬ್ಬನ್ನಿಗೆ ಇಪ್ಪತ್ತೊಂದು ಎಲೆಗಳನ್ನು ವೋಚರ್ ಜೋಡಿಸಿದ ಹಾಗೆ ಟಕ್ ಟಕ್ ಎಂದು ಪಿನ್ ಹೊಡೆದೆ. ಹೊಳಪಿರಲಿ ಎಂದು ಬಾಲ್ಕನಿಯಲ್ಲಿ ನೇತುಹಾಕಿ ವಾರ್ನಿಶ್ ಸ್ಪ್ರೇ ಹೊಡೆದೆ. ಅದು ಕಡೆಗೂ ಆರಲಿಲ್ಲ. ಒಟ್ಟು ಖರ್ಚು 1,870 ರೂಪಾಯಿ. 280ರಿಂದ ಭಾಗಿಸಿದರೆ ಆರು ವರ್ಷ ಎಂಟು ತಿಂಗಳಿನ ಸೊಪ್ಪು.

ಹಬ್ಬದ ಹಿಂದಿನ ದಿನ ಸಂಜೆ ನನ್ನವಳು ಚೀಲ ಹಿಡಿದು ಹೊರಟಾಗ, ಬೇವು ಹೂವು ತಾ, ಮಾವಿನ ಸೊಪ್ಪು ಮಾತ್ರ ತರಕೂಡದು ಎಂದು ಅಪ್ಪಣೆ ಮಾಡಿದೆ. ಫ್ಲಾಟಿನ ಬಾಗಿಲಿಗೆ ಮೊಳೆ ಹೊಡೆಯುವಂತಿಲ್ಲ, ಅಂಟಿಸುವ ಕೊಕ್ಕೆ ಎರಡು ತಂದು ಕಟ್ಟಿದೆ. ಕಾರಿಡಾರಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ದೂರ ನಿಂತು ನೋಡಿದೆ. ನಿಜ ಹೇಳುತ್ತೇನೆ, ಆ ರಾತ್ರಿ ನನ್ನ ಕಣ್ಣಿಗೆ ಅದು ಚೆನ್ನಾಗಿಯೇ ಕಂಡಿತು.

2025ರ ಮಾರ್ಚ್ 30, ಭಾನುವಾರ, ವಿಶ್ವಾವಸು ಸಂವತ್ಸರದ ಯುಗಾದಿ. ಐದೂವರೆಗೇ ಎದ್ದು ನನ್ನವಳು ಹೊಸ್ತಿಲು ತೊಳೆದು ರಂಗೋಲಿ ಇಟ್ಟಳು. ಆರೂವರೆಗೆ ಅವಳ ಕೂಗು. ಬಂದು ನೋಡಿದರೆ ತೋರಣ ಬೆವರುತ್ತಿದೆ. ಉತ್ಪ್ರೇಕ್ಷೆಯಲ್ಲ. ಮಿತಿಮೀರಿ ಗ್ಲಿಸರಿನ್ ಕುಡಿದ ಎಲೆಗಳ ತುದಿಯಲ್ಲಿ ಒಂದೊಂದು ಹನಿ. ಹನಿ ದಪ್ಪಗಾಗಿ, ತಡೆದು, ತೊಟ್ ಎಂದು ರಂಗೋಲಿಯ ಮೇಲೆ. ಎಂಟು ಎಸಳಿನ ಕಮಲದ ಆರು ಎಸಳು ಆಗಲೇ ಕರಗಿ ಅಂಟಾಗಿದ್ದವು. ಗ್ಲಿಸರಿನ್ ರುಚಿಗೆ ಸಿಹಿ. ನಮ್ಮ ಮನೆಯ ಬೇವುಬೆಲ್ಲಕ್ಕಿಂತ ಮೊದಲೇ ಇರುವೆಗಳ ಯುಗಾದಿ ಆರಂಭವಾಗಿತ್ತು. ನನ್ನವಳು ಮಾತಾಡಲಿಲ್ಲ. ಒದ್ದೆ ಬಟ್ಟೆ ತಂದು ರಂಗೋಲಿಯನ್ನೆಲ್ಲ ಒರೆಸಿ ಹಾಕಿ ಎಣ್ಣೆಸ್ನಾನಕ್ಕೆ ಹೋದಳು.

ಏಳೂವರೆಗೆ ಕರೆಗಂಟೆ. ಎದುರುಮನೆ ಅಜ್ಜಿ. ಎಂಬತ್ತರ ಹತ್ತಿರದವರು, ಕಟ್ಟಡದ ಮಕ್ಕಳೆಲ್ಲ ಅಜ್ಜಿ ಎನ್ನುವುದರಿಂದ ನಮಗೂ ಅಜ್ಜಿಯೇ. ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ. ಹೊಸ್ತಿಲಾಚೆಯೇ ನಿಂತರು. ಒಮ್ಮೆ ಮೇಲೆ ನೋಡಿದರು, ಒಮ್ಮೆ ಬರಿದಾದ ನೆಲ ನೋಡಿದರು. ದನಿ ತಗ್ಗಿಸಿ, "ನಿಮ್ಮನೇಲಿ ಹಬ್ಬ ಇಲ್ಲ ಅಂತ ಈಗ ಗೊತ್ತಾಯ್ತಪ್ಪಾ. ಹಬ್ಬದ ದಿನ ಬಾಯಿ ಒಣಗಿಸಿಕೊಂಡು ಇರಬಾರದು, ನಾಲ್ಕು ಒಬ್ಬಟ್ಟು ತಂದಿದೀನಿ," ಅಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರ ಭುಜದಾಚೆ ನೋಡಿದೆ. ಕಾರಿಡಾರಿನ ಉದ್ದಕ್ಕೂ ಪ್ರತಿ ಬಾಗಿಲಿಗೂ ಹಚ್ಚಹಸಿರು ಮಾವು, ನಡುನಡುವೆ ಬೇವು, ಕೆಳಗೆ ರಂಗೋಲಿ. ನಮ್ಮ ಬಾಗಿಲಿಗೆ ಒಂದೇ ಒಂದು ಕಂದು ತೋರಣ, ಕೆಳಗೆ ಒರೆಸಿದ ನೆಲ. ಹೋದ ಹಬ್ಬದ ಸೊಪ್ಪನ್ನೇ ಇಳಿಸದೆ ಬಿಟ್ಟಿದ್ದಾರೆ, ರಂಗೋಲಿ ಇಲ್ಲ, ಅಂದಮೇಲೆ ಸೂತಕ. ಸೂತಕದ ಮನೆಗೆ ಹಬ್ಬದ ಅಡುಗೆ ಕಳಿಸುವುದು ನೆರೆಯವರ ಧರ್ಮ. ಅಜ್ಜಿಯ ತರ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವಿರಲಿಲ್ಲ.

"ಯಾರು ಹೋದ್ರಪ್ಪಾ?"

ಅಲ್ಲಿಯವರೆಗೂ ನಾನು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. "ಯಾರೂ ಇಲ್ಲಮ್ಮ, ಇದು ನಾನೇ ಮಾಡಿದ ತೋರಣ, ಕೆಟ್ಟುಹೋಯ್ತು," ಎಂದರೆ ಮುಗಿಯುತ್ತಿತ್ತು. ಹತ್ತು ಮಾತು ಕೂಡ ಇಲ್ಲ. ಆದರೆ ಹಸಿರು ಉಗುರುಗಳನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ನಿಂತವನ ಬಾಯಿಂದ ಬಂದದ್ದು ಒಂದೇ ಮಾತು:

"ದೊಡ್ಡಪ್ಪ."

"ಅಯ್ಯೋ. ಯಾವಾಗ?"

"ಗುರುವಾರ."

"ಗುರುವಾರ ಸಂಜೆ ಲಿಫ್ಟಲ್ಲಿ ಸಿಕ್ಕಿದ್ರಲ್ಲ?"

"ರಾತ್ರಿ ಸುದ್ದಿ ಬಂತು. ರಾತ್ರೋರಾತ್ರಿ ಹೋಗಿ ಬಂದೆ."

"ವಯಸ್ಸಾಗಿತ್ತಾ?"

"ಎಂಬತ್ತೊಂಬತ್ತು."

"ನೋವು ತಿಂದ್ರಾ?"

"ಇಲ್ಲ, ಮಲಗಿದಲ್ಲೇ."

"ಪುಣ್ಯಾತ್ಮರು," ಎಂದು ಅಜ್ಜಿ ಕಣ್ಣೊರೆಸಿಕೊಂಡು ಹೋದರು.

ನನಗೆ ಇರುವುದು ಒಬ್ಬರೇ ದೊಡ್ಡಪ್ಪ. ಎಂಬತ್ತೊಂಬತ್ತು ವರ್ಷ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಲ್ಲಿ, ಆ ಎರಡು ಮೊಳೆಯ ಬಾಗಿಲ ಮನೆಯಲ್ಲಿ, ಈಗಲೂ ಬೆಳಿಗ್ಗೆ ಎದ್ದು ತಾವೇ ತೆಂಗಿನ ಮರಗಳಿಗೆ ನೀರು ತಿರುಗಿಸುವವರು. ಅಪ್ಪ ಹೋದ ವರ್ಷ ನನ್ನ ಕಾಲೇಜಿನ ಫೀಸು ಕಟ್ಟಿದವರು.

ಎಂಟು ಗಂಟೆಗೆ ಅವರದೇ ಫೋನ್. ಪ್ರತಿ ಹಬ್ಬಕ್ಕೂ ಮಾಡುತ್ತಾರೆ. ತಲೆಗೆ ಟವೆಲು ಸುತ್ತಿಕೊಂಡು ಬಂದ ನನ್ನವಳು ಎತ್ತಿಕೊಂಡು, ನಮಸ್ಕಾರ, ಆಶೀರ್ವಾದ ಎಲ್ಲ ಮುಗಿಸಿ ನನ್ನ ಕೈಗೆ ಕೊಟ್ಟಳು. "ಏನ್ಲಾ, ಸ್ನಾನ ಆಯ್ತಾ? ತೋರಣ ಕಟ್ಟಿದ್ಯಾ?" ಎಂದರು. ನನಗೆ ಗಂಟಲು ಕಟ್ಟಿತು. "ಶೀತ ಆಗಿದೆಯೇನೋ, ಕಷಾಯ ಕುಡಿ," ಅಂದರು. ಟೇಬಲ್ ಮೇಲೆ ಅವರ ಹೆಸರಿನಲ್ಲಿ ಬಂದ ಒಬ್ಬಟ್ಟುಗಳಿದ್ದವು, ಇನ್ನೂ ಬಿಸಿಬಿಸಿ, ಏಲಕ್ಕಿ ಘಮಘಮ. ಅದರಲ್ಲೊಂದನ್ನು ನಾನು ಆಗಲೇ ತಿಂದಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಹೆಂಡತಿಗೆ ಏನೂ ಹೇಳಲಿಲ್ಲ. ತಟ್ಟೆ ಯಾರದು ಎಂದಾಗ, "ಅಜ್ಜಿ ಕೊಟ್ಟು ಹೋದ್ರು," ಅಂದೆ. ಒಂಬತ್ತೂವರೆಗೆ ಪೂಜೆ ಮುಗಿದು, ಅವಳು ಬೇವುಬೆಲ್ಲದ ಬಟ್ಟಲು ಹಿಡಿದು ಹೊರಟಳು. ಪ್ರತಿ ವರ್ಷ ಮೊದಲ ಬಟ್ಟಲು ಎದುರುಮನೆಗೆ. "ಅವರಿಗೆ ಆಮೇಲೆ ಕೊಡೋಣ," ಅಂದೆ. "ಯಾಕೆ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತೆ. ಅತ್ತ ಬಾಗಿಲು ತೆಗೆದ ಸದ್ದು, ನನ್ನವಳ ನಗು, ಆಮೇಲೆ ಅಜ್ಜಿಯ ತಗ್ಗಿದ ದನಿ, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬೇವುಬೆಲ್ಲದ ಬಟ್ಟಲು ಹೋದ ಹಾಗೇ ವಾಪಸು ಬಂತು.

"ನಿಮ್ಮ ದೊಡ್ಡಪ್ಪ ಯಾವಾಗ ಹೋದ್ರು?"

ನಾನು ನೆಲ ನೋಡಿದೆ.

"ಒಂದೂವರೆ ಗಂಟೆ ಹಿಂದೆ ನನ್ನ ಹತ್ರ ಮಾತಾಡಿದ್ರಲ್ಲ ರೀ, ಹೋದವರು?"

ಪೂರ್ತಿ ಕೇಳಿಸಿಕೊಂಡ ಮೇಲೆ ಅವಳು ಬೈಯಲಿಲ್ಲ. "ಸೂತಕದಲ್ಲಿ ಬೇವುಬೆಲ್ಲ ಹಂಚ್ತಿದ್ದಾಳೆ, ಪಾಪ, ತಲೆ ಕೆಟ್ಟಿರಬೇಕು ಅನ್ನೋ ಹಾಗೆ ನೋಡಿದ್ರು ನನ್ನನ್ನ. ನಾನೇನು ಹೇಳ್ಲಿ? ಹೂಂ, ಮರೆತುಹೋಯ್ತು ಅಂದು ಬಂದೆ. ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಲ್ಲ, ವರ್ಷದ ಮೊದಲ ದಿನ." ಅಷ್ಟು ಹೇಳಿ ಕೋಸಂಬರಿಗೆ ಸೌತೆಕಾಯಿ ಹೆಚ್ಚತೊಡಗಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಲೆಕ್ಕದ ಕೆಲಸದಲ್ಲಿ ಒಂದು ಖಾತೆ ಇರುತ್ತದೆ, ಸಸ್ಪೆನ್ಸ್ ಅಕೌಂಟ್. ಎರಡು ಬದಿ ಹೊಂದದೆ ವ್ಯತ್ಯಾಸ ಬಂದರೆ, ಕಾರಣ ಸಿಗುವವರೆಗೆ ಅದನ್ನು ಅಲ್ಲಿಗೆ ಹಾಕಿ ಬಾಕಿ ತಾಳೆ ಮಾಡಿಬಿಡುತ್ತೇವೆ. ತಾತ್ಕಾಲಿಕ ವ್ಯವಸ್ಥೆ. ಆದರೆ ಕಚೇರಿ ಕಂಡವರಿಗೆ ಗೊತ್ತು, ಅಲ್ಲಿಗೆ ಹೋದ ಎಷ್ಟೋ ರಕಮುಗಳು ಹಾಕಿದವನು ನಿವೃತ್ತನಾದರೂ ಹೊರಗೆ ಬರುವುದಿಲ್ಲ. ನನ್ನ ಕೈಕೆಲಸ ಹದಗೆಟ್ಟದ್ದು ಒಂದು ಸಣ್ಣ ವ್ಯತ್ಯಾಸ. ಅದನ್ನು ನನ್ನ ಹೆಸರಿಗೆ ಬರೆದುಕೊಳ್ಳುವುದರ ಬದಲು ಬದುಕಿರುವ ಒಬ್ಬ ಮುದುಕನ ಖಾತೆಗೆ ತಳ್ಳಿದೆ. ಮುಜುಗರ ತಪ್ಪಿಸಿಕೊಳ್ಳುವುದಕ್ಕೆ ಎಷ್ಟು ಬೇಗ, ಎಷ್ಟು ಅಚ್ಚುಕಟ್ಟಾಗಿ ಕೈ ಕೆಲಸ ಮಾಡಿತು ನೋಡಿ. ತೋರಣ ಕಟ್ಟುವಾಗ ಅದೇ ಕೈಗೆ ಮೂರು ವಾರವೂ ಸಾಲಲಿಲ್ಲ. ಗುರುವಾರ ಎಂದೆ, ಮಲಗಿದಲ್ಲೇ ಎಂದೆ. ಒಂದು ಕಡೆಯೂ ತಡವರಿಸಲಿಲ್ಲ. ಇದು ಆ ದಿನ ಕಲಿತ ವಿದ್ಯೆ ಅಲ್ಲವೆಂಬುದೇ ನನ್ನನ್ನು ಇವತ್ತಿಗೂ ಚುಚ್ಚುವುದು.

ಹತ್ತೂವರೆಗೆ ಕೊಕ್ಕೆಯಿಂದ ತೋರಣ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಎದುರುಮನೆಗೆ ಹೋದೆ. ನಾಲ್ಕು ಹೆಜ್ಜೆ ಅಗಲದ ಕಾರಿಡಾರು ಅದು. ಅಜ್ಜಿ ಬಾಗಿಲು ತೆಗೆದರು. ಒಳಗೆ ಮಗ, ಸೊಸೆ, ಮೊಮ್ಮಕ್ಕಳು, ಟಿವಿಯಲ್ಲಿ ಪಂಚಾಂಗ ಶ್ರವಣ. ಎಲ್ಲರೂ ತಿರುಗಿ ಗೌರವದಿಂದ ಟಿವಿ ದನಿ ಕಡಿಮೆ ಮಾಡಿದರು. ಸೂತಕದವನಿಗೆ ಸಲ್ಲುವ ಗೌರವ. ಅಷ್ಟೂ ಜನರ ಮುಂದೆ ಹೇಳಬೇಕಾಯಿತು. ಹೇಗೆ ಹೇಳಿದೆನೋ ನೆನಪಿಲ್ಲ. ಗ್ಲಿಸರಿನ್ ಎಂಬ ಪದವನ್ನು ಅಗತ್ಯಕ್ಕಿಂತ ಹೆಚ್ಚು ಸಲ ಬಳಸಿದೆ ಎಂಬುದಷ್ಟೇ ನೆನಪು. ಮೊಮ್ಮಗ ನಗು ತಡೆಯಲಾರದೆ ಒಳಗೆ ಓಡಿದ.

ಅಜ್ಜಿ ತೋರಣವನ್ನು ತೆಗೆದುಕೊಂಡರು. ಎಲೆ ಬೆರಳಿಗೆ ಅಂಟಿತು. ಬಿಡಿಸಿಕೊಂಡು ಮೂಸಿ ನೋಡಿದರು. "ಇದೇನಪ್ಪಾ, ಜಾಮೂನು ಪಾಕದಲ್ಲಿ ಅದ್ದಿದ್ರಾ?"

"ತಪ್ಪಾಯ್ತಮ್ಮಾ," ಅಂದೆ.

"ಹೋಗ್ಲಿ ಬಿಡಿ, ಯಾರೂ ಸತ್ತಿಲ್ವಲ್ಲ." ಆಮೇಲೆ ಸ್ವಲ್ಪ ಯೋಚಿಸಿ, "ಹಿಂದೆ ಕಾಗೆ ತಲೆ ಮುಟ್ಟಿದ್ರೆ ದೋಷ ಕಳೀಲಿ ಅಂತ ನೆಂಟರಿಗೆ ಸುಳ್ಳು ಸಾವಿನ ಸುದ್ದಿ ಕಳಿಸ್ತಿದ್ರು. ಅವರು ಅತ್ತುಬಿಟ್ರೆ ಆಯಸ್ಸು ಗಟ್ಟಿ. ನಾನು ಬೆಳಿಗ್ಗೆ ಒಂದು ಹನಿ ಅತ್ತಿದೀನಿ. ನಿಮ್ಮ ದೊಡ್ಡಪ್ಪನಿಗೆ ನೂರು ಗ್ಯಾರಂಟಿ," ಅಂದರು. ಸೊಸೆಯನ್ನು ಕರೆದು ಉಳಿದ ಮಾವಿನ ಸೊಪ್ಪು ತರಿಸಿ ನನ್ನ ಕೈಗೆ ಹಾಕಿದರು. ಜೊತೆಗೆ ಒಂದು ಮೊಳ ಹುರಿ. ಬೇವುಬೆಲ್ಲದ ಬಟ್ಟಲನ್ನು ಕಳಿಸಲು ಹೇಳಿದರು.

ಮನೆಗೆ ಬಂದು ನೆಲದ ಮೇಲೆ ಕೂತು ಎಲೆ ಮಡಿಚಿದೆ. ಅಮ್ಮನ ಕೈ ನೋಡಿದ್ದೆ ಅಷ್ಟೇ, ನನ್ನ ಕೈಗೆ ಅದು ಗೊತ್ತಿರಲಿಲ್ಲ. ಮೊದಲ ಮೂರು ಎಲೆ ಚುಚ್ಚಿದಲ್ಲೇ ಸೀಳಿದವು. ನನ್ನವಳು ಸೌತೆಕಾಯಿ ಬಿಟ್ಟು ಬಂದು, ತೊಟ್ಟನ್ನು ನಡುನರದ ಪಕ್ಕಕ್ಕೆ ಓರೆಯಾಗಿ ತೂರಿಸಬೇಕು ಎಂದು ತೋರಿಸಿಕೊಟ್ಟಳು, ಒಂದೂ ಮಾತಾಡದೆ. ಹನ್ನೊಂದು ಎಲೆ ಆಯಿತು. ನಾಲ್ಕು ದಿನಕ್ಕೆ ಬಾಡಿತು.

ದೊಡ್ಡಪ್ಪ ಶ್ರಾವಣದಲ್ಲಿ ಕಣ್ಣಿನ ತಪಾಸಣೆಗೆಂದು ಬೆಂಗಳೂರಿಗೆ ಬಂದು ನಮ್ಮಲ್ಲಿ ನಾಲ್ಕು ದಿನ ಇದ್ದರು. ಅವರಿಗೆ ನಾವು ಏನೂ ಹೇಳಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಮಧ್ಯಾಹ್ನ ಎದುರುಮನೆ ಅಜ್ಜಿ ಊಟಕ್ಕೆ ಕರೆದರು, ಒತ್ತಾಯ ಮಾಡಿ. ದೊಡ್ಡಪ್ಪನನ್ನು ಹಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಮೊಮ್ಮಗ ಬಂದು ಕಾಲಿಗೆ ಬಿದ್ದು, ಎದ್ದು, ಅವರ ಮುಂಗೈಯನ್ನು ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿದ. ಬಡಿಸುವಾಗ ಅಜ್ಜಿ ಬೇಡ ಬೇಡವೆಂದರೂ ಕೇಳದೆ ನಾಲ್ಕನೆಯ ಒಬ್ಬಟ್ಟು ಹಾಕಿ ಮೇಲೆ ತುಪ್ಪ ಸುರಿದರು.

"ನನಗ್ಯಾಕಮ್ಮಾ ಇಷ್ಟೊಂದು ಉಪಚಾರ?" ಎಂದರು ದೊಡ್ಡಪ್ಪ.

"ಯುಗಾದೀಲಿ ನಿಮ್ಮ ಲೆಕ್ಕದ್ದು ನಾಲ್ಕು ಇವರ ಕೈಗೆ ಕೊಟ್ಟಿದ್ದೆ. ಕಳಿಸಿದ್ರೋ ಇಲ್ವೋ," ಅಂದರು ಅಜ್ಜಿ.

ದೊಡ್ಡಪ್ಪ ನನ್ನ ಕಡೆ ತಿರುಗಿದರು. ನಾನು ಕೋಸಂಬರಿ ಕೇಳಿ ಹಾಕಿಸಿಕೊಂಡೆ.